ಆನ್‌ಲೈನ್‌ನಲ್ಲಿ ಕ್ರೀಡಾ ಜೆರ್ಸಿ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತಿ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿದ್ದ ದಾವಣಗೆರೆಯಲ್ಲಿ, ಬಟ್ಟೆಯ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ ನೋಡದೆ ಹಣ ಎಣಿಸಿಕೊಡುವವರು ಹಿಂದೆ ವಿರಳವಾಗಿದ್ದರು. ಈಗ ಅದೇ ಊರಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಚಿತ್ರ ನೋಡಿ ಜೆರ್ಸಿ ತರಿಸುತ್ತಾರೆ. ಬಂದದ್ದು ಮೈಗೆ ಕೂರದಿದ್ದರೆ ಬೀರುವಿನ ಮೂಲೆಗೆ ಹಾಕುತ್ತಾರೆ. ನಮ್ಮ ಬಡಾವಣೆಯ ಕಬಡ್ಡಿ ತಂಡಕ್ಕೆ ಜೆರ್ಸಿ ತರಿಸಿಕೊಡುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿರುವುದರಿಂದ, ಆಟಗಾರರೂ ಅವರ ತಂದೆತಾಯಿಯರೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಡನೆ ಇಲ್ಲಿ ಬರೆದಿದ್ದೇನೆ.

ಎಂ, ಎಲ್, ಎಕ್ಸ್‌ಎಲ್ ಎಂಬ ಗುರುತುಗಳಲ್ಲಿ ನನ್ನ ಅಳತೆ ಯಾವುದು ಎಂದು ತಿಳಿಯುವುದು ಹೇಗೆ?

ಆ ಅಕ್ಷರಗಳನ್ನು ನಂಬಬೇಡಿ. ಒಬ್ಬ ತಯಾರಕನ ಎಲ್ ಇನ್ನೊಬ್ಬನ ಎಂ ಆಗಿರುತ್ತದೆ, ಏಕೆಂದರೆ ಅಕ್ಷರಕ್ಕೆ ಇಷ್ಟೇ ಇಂಚು ಇರಬೇಕೆಂದು ಎಲ್ಲರನ್ನೂ ಕಟ್ಟಿಹಾಕುವ ನಿಯಮವಿಲ್ಲ. ಹಲವು ಕಂಪನಿಗಳು ಯೂರೋಪ್ ಅಥವಾ ಅಮೆರಿಕದ ಮೈಕಟ್ಟಿಗೆ ಮಾಡಿದ ಅಳತೆಯನ್ನೇ ಇಲ್ಲಿಯೂ ಮಾರುತ್ತವೆ. ಭುಜಕ್ಕೆ ಸರಿಹೊಂದಿದರೆ ಉದ್ದ ಹೆಚ್ಚಾಗುವ, ಹೊಟ್ಟೆಗೆ ಸರಿಹೊಂದಿದರೆ ಭುಜ ಜಾರುವ ಅನುಭವ ನಮ್ಮಲ್ಲಿ ಇಷ್ಟೊಂದು ಜನರಿಗೆ ಆಗುವುದಕ್ಕೆ ಇದೂ ಒಂದು ಕಾರಣ.

ನಾನು ಅನುಸರಿಸುವ ದಾರಿ ಸರಳವಾದದ್ದು. ನಿಮ್ಮ ಮೈಗೆ ಚೆನ್ನಾಗಿ ಕೂರುವ, ಹಾಕಿಕೊಂಡು ಓಡಲು ಹಿತವೆನಿಸುವ ಒಂದು ಹಳೆಯ ಜೆರ್ಸಿ ಅಥವಾ ಟೀ ಶರ್ಟನ್ನು ಮಂಚದ ಮೇಲಲ್ಲ, ಗಟ್ಟಿಯಾದ ನೆಲದ ಮೇಲೆ ಅಥವಾ ಮೇಜಿನ ಮೇಲೆ ಹಾಸಿ, ಎಳೆಯದೆ, ಸುಕ್ಕುಗಳನ್ನು ಮಾತ್ರ ಕೈಯಿಂದ ಸವರಿ ಬಿಡಿಸಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದು ಕಂಕುಳಿನ ಹೊಲಿಗೆಯವರೆಗೆ ದರ್ಜಿಯ ಟೇಪು ಹಿಡಿದು ಅಳೆದರೆ ಎದೆಯ ಅರ್ಧ ಸುತ್ತು ಸಿಗುತ್ತದೆ. ಅದನ್ನು ಎರಡರಿಂದ ಗುಣಿಸಿದರೆ ಬಟ್ಟೆಯ ಪೂರ್ಣ ಎದೆ ಸುತ್ತಳತೆ. ಕೊರಳಿನ ಪಕ್ಕ ಭುಜದ ಅತಿ ಎತ್ತರದ ಬಿಂದುವಿನಿಂದ ಕೆಳಗಿನ ಅಂಚಿನವರೆಗಿನದು ಉದ್ದ. ಒಂದು ಭುಜದ ಹೊಲಿಗೆಯಿಂದ ಇನ್ನೊಂದರವರೆಗಿನದು ಭುಜದ ಅಗಲ. ಈ ಮೂರು ಸಂಖ್ಯೆಗಳನ್ನು ಬರೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ಮುಂದಿನ ಖರೀದಿಗಳಿಗೂ ಬರುತ್ತದೆ.

ಆಮೇಲೆ ಮಾರಾಟ ಪುಟದಲ್ಲಿ ಕೊಟ್ಟಿರುವ ಅಳತೆಯ ಪಟ್ಟಿಯನ್ನು ತೆರೆಯಿರಿ. ಬಹಳ ಜನ ಎಡವುವುದು ಇಲ್ಲಿ. ಆ ಪಟ್ಟಿ ನಿಮ್ಮ ಮೈಯ ಅಳತೆಯನ್ನು ಹೇಳುತ್ತಿದೆಯೇ ಅಥವಾ ಬಟ್ಟೆಯ ಅಳತೆಯನ್ನು ಹೇಳುತ್ತಿದೆಯೇ ಎಂಬುದನ್ನು ಮೊದಲು ಗುರುತಿಸಬೇಕು. ಎದೆ 38 ಎಂದು ಮೈಯ ಅಳತೆ ಬರೆದಿದ್ದರೆ, 38 ಇಂಚು ಎದೆಯವನಿಗೆ ಹೊಂದಲೆಂದು ಮಾಡಿದ ಆ ಬಟ್ಟೆ 40 ಅಥವಾ 42 ಇಂಚು ಇರಬಹುದು. ಬಟ್ಟೆಯ ಅಳತೆಯೇ 38 ಆಗಿದ್ದರೆ ಅದೇ ವ್ಯಕ್ತಿಗೆ ಅದು ಚರ್ಮಕ್ಕೆ ಅಂಟಿಕೊಂಡಂತೆ ಕೂರುತ್ತದೆ. ಪಟ್ಟಿಯಲ್ಲಿ ಇದು ಸ್ಪಷ್ಟವಿಲ್ಲದಿದ್ದರೆ ಮಾರಾಟಗಾರನಿಗೆ ಪ್ರಶ್ನೆ ಕಳುಹಿಸಿ. ಉತ್ತರ ಕೊಡದವನಿಂದ ಕೊಳ್ಳದಿರುವುದೇ ಒಳ್ಳೆಯದು.

ಮೈಯ ಅಳತೆಗಿಂತ ಜೆರ್ಸಿ ಎಷ್ಟು ಸಡಿಲವಾಗಿರಬೇಕು?

ಅದು ಆಟವನ್ನು ಅವಲಂಬಿಸಿದೆ. ಕ್ರಿಕೆಟ್ ಆಡುವವನಿಗೆ, ಅದರಲ್ಲೂ ಚೆಂಡು ಎಸೆಯುವವನಿಗೆ, ಎದೆಯಲ್ಲಿ 4ರಿಂದ 6 ಇಂಚಿನಷ್ಟು ಸಡಿಲ ಬೇಕು, ಇಲ್ಲದಿದ್ದರೆ ತೋಳು ಮೇಲೆತ್ತಿದಾಗ ಬಟ್ಟೆ ಹೊಟ್ಟೆಯಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕಬಡ್ಡಿಗೆ ಇಷ್ಟು ಸಡಿಲ ಅಪಾಯ, ಏಕೆಂದರೆ ಜೋಲುವ ಬಟ್ಟೆಯೆಂದರೆ ಎದುರಾಳಿಯ ಬೆರಳು ಸಿಕ್ಕಿಕೊಳ್ಳುವ ಜಾಗ. ಅಲ್ಲಿ 1ರಿಂದ 3 ಇಂಚು ಸಾಕು, ಬಟ್ಟೆಯೇ ಹಿಗ್ಗುವಂಥದ್ದಾದರೆ ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಟಿವಿಯ ಮುಂದೆ ಕುಳಿತು ಮೆಚ್ಚಿನ ತಂಡವನ್ನು ಹುರಿದುಂಬಿಸಲು ಹಾಕಿಕೊಳ್ಳುವ ಜೆರ್ಸಿಯಾದರೆ ನಿಮಗೆ ಹಿತವೆನಿಸಿದ್ದೇ ಅಳತೆ.

ಹತ್ತಿಯ ಜೆರ್ಸಿ ಒಳ್ಳೆಯದೋ ಪಾಲಿಯೆಸ್ಟರ್ ಒಳ್ಳೆಯದೋ?

ಹತ್ತಿಯ ಊರಿನವನಾಗಿ ಈ ಉತ್ತರ ಕೊಡುವಾಗ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ, ಆದರೂ ಆಟದ ಮೈದಾನಕ್ಕೆ ಪಾಲಿಯೆಸ್ಟರ್ ಮೇಲು. ಎರಡೂ ನಾರುಗಳು ನೀರಿನೊಡನೆ ನಡೆದುಕೊಳ್ಳುವ ರೀತಿ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಸಾಮಾನ್ಯ ಹವೆಯಲ್ಲಿ ಹತ್ತಿಯ ನಾರು ತನ್ನ ತೂಕದ ಸುಮಾರು ಶೇ 8.5ರಷ್ಟು ತೇವವನ್ನು ಒಳಗೆ ಹೀರಿ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಸುಮಾರು ಶೇ 0.4 ಮಾತ್ರ. ಬೆವರು ಸುರಿದಾಗ ಹತ್ತಿ ಅದನ್ನು ಕುಡಿದು ಭಾರವಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ ಮತ್ತು ಒಣಗಲು ಹೊತ್ತು ಹಿಡಿಯುತ್ತದೆ. ಚೆನ್ನಾಗಿ ಹೆಣೆದ ಪಾಲಿಯೆಸ್ಟರ್ ಬಟ್ಟೆಯಲ್ಲಿ ಬೆವರು ನಾರಿನ ಒಳಕ್ಕೆ ಹೋಗದೆ, ಎಳೆ ಎಳೆಗಳ ನಡುವಿನ ಸಂದುಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹರಿದು ಹೊರಮೈಗೆ ಬಂದು ಹರಡಿಕೊಂಡು ಗಾಳಿಗೆ ಆರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿನ ಮೈದಾನದಲ್ಲಿ ಹತ್ತು ಓವರ್ ನಿಂತವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಆದರೆ ಪಾಲಿಯೆಸ್ಟರ್ ಎಂದು ಬರೆದ ಮಾತ್ರಕ್ಕೆ ಬಟ್ಟೆ ಒಳ್ಳೆಯದಾಗುವುದಿಲ್ಲ. ಒತ್ತಾಗಿ ಹೆಣೆದು ಗಾಳಿಯಾಡದಂತಿರುವ ಅಗ್ಗದ ಪಾಲಿಯೆಸ್ಟರ್ ಹಾಕಿಕೊಂಡರೆ ಪ್ಲಾಸ್ಟಿಕ್ ಚೀಲದೊಳಗೆ ಹೊಕ್ಕಂತೆ ಆಗುತ್ತದೆ. ಬೆವರನ್ನು ಹೊರಹಾಕುವ ಗುಣ ಎರಡು ಬಗೆಯಲ್ಲಿ ಬರುತ್ತದೆ: ಎಳೆಯ ಆಕಾರದಿಂದ ಮತ್ತು ಹೆಣಿಗೆಯಿಂದ ಬಂದದ್ದು ಬಟ್ಟೆ ಇರುವವರೆಗೂ ಉಳಿಯುತ್ತದೆ, ಮೇಲಿಂದ ರಾಸಾಯನಿಕ ಲೇಪಿಸಿ ಬರಿಸಿದ್ದು ಒಗೆತ ಒಗೆತಕ್ಕೂ ಕರಗುತ್ತ ಹೋಗುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಜೇನುಗೂಡಿನಂಥ ಅಥವಾ ಸಣ್ಣ ರಂಧ್ರಗಳ ಹೆಣಿಗೆ ಕಂಡರೆ, ಅದರಲ್ಲೂ ಕಂಕುಳು ಮತ್ತು ಬೆನ್ನಿನ ಭಾಗದಲ್ಲಿ ಬೇರೆಯದೇ ಜಾಲರಿ ಬಟ್ಟೆ ಜೋಡಿಸಿದ್ದರೆ, ತಯಾರಕನು ಆಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ ಎಂದು ತಿಳಿಯಬಹುದು. ಜೊತೆಗೆ ಶೇ 5ರಿಂದ 10ರಷ್ಟು ಸ್ಪ್ಯಾಂಡೆಕ್ಸ್ ಬೆರೆಸಿದ್ದರೆ ಬಟ್ಟೆ ಎಳೆದಾಗ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ.

ಬೆಳಗಿನ ನಡಿಗೆಗೆ, ಮನೆಯಲ್ಲಿ ತೊಡಲಿಕ್ಕೆ, ಪಾಲಿಯೆಸ್ಟರ್ ಚರ್ಮಕ್ಕೆ ಒಗ್ಗದವರಿಗೆ ಹತ್ತಿಯೇ ಸರಿ. ಹತ್ತಿಯ ಹೆಣಿಗೆ ಬಟ್ಟೆ ಮೊದಲ ಒಗೆತಗಳಲ್ಲಿ ಕುಗ್ಗುವುದರಿಂದ ಉದ್ದದಲ್ಲಿ ಒಂದು ಇಂಚಾದರೂ ಹೆಚ್ಚಿಗೆ ಇರುವಂತೆ ಆರಿಸಿ. ಪಾಲಿಯೆಸ್ಟರ್ ಹಾಗೆ ಕುಗ್ಗುವುದಿಲ್ಲ. ಬಂದ ದಿನ ದೊಡ್ಡದಾಗಿದ್ದದ್ದು ಒಗೆದರೆ ಸರಿಹೋದೀತು ಎಂದು ಕಾಯುವುದು ವ್ಯರ್ಥ.

ಜಿಎಸ್‌ಎಂ ಎಂದು ಬರೆದಿರುತ್ತಾರೆ. ಅದು ಏನು?

ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಆಟದ ಜೆರ್ಸಿಗಳು ಸಾಮಾನ್ಯವಾಗಿ 120ರಿಂದ 180ರ ನಡುವೆ ಇರುತ್ತವೆ. 120ರ ಸುತ್ತಮುತ್ತಲಿನದು ಓಟಕ್ಕೆ ಹಗುರ, 140ರಿಂದ 160 ಕ್ರಿಕೆಟ್ಟಿಗೆ ಮತ್ತು ವಾಲಿಬಾಲಿಗೆ ಹದ, 180ರ ಹತ್ತಿರದ್ದು ಎಳೆದಾಟ ತಡೆಯುತ್ತದೆ ಆದರೆ ಬಿಸಿಲಿನಲ್ಲಿ ಸೆಕೆ ಎನಿಸುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಗುಣಮಟ್ಟ ಹೆಚ್ಚು ಎಂದು ಕೆಲವು ಮಾರಾಟಗಾರರು ಹೇಳುವುದು ಸರಿಯಲ್ಲ. ದಪ್ಪವೇ ಬೇರೆ, ಗಟ್ಟಿತನವೇ ಬೇರೆ.

ಹೊಲಿಗೆ ಚೆನ್ನಾಗಿದೆಯೇ ಎಂದು ಬರೀ ಚಿತ್ರ ನೋಡಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು, ಆದರೆ ನೋಡಬೇಕಾದದ್ದು ಎದೆಯ ಮೇಲಿನ ಲಾಂಛನವನ್ನಲ್ಲ. ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತು ಜೆರ್ಸಿಗೆ ಒಪ್ಪುವಷ್ಟು ಬೇರಾವ ಉಡುಪಿಗೂ ಒಪ್ಪಲಾರದು; ಬಣ್ಣ, ಗೆರೆ, ಹೊಳಪು ಎಲ್ಲವೂ ಹೊರಗಿರುತ್ತವೆ ಮತ್ತು ಬಾಳಿಕೆಯನ್ನು ನಿರ್ಧರಿಸುವ ಹೊಲಿಗೆ ಒಳಗಿರುತ್ತದೆ. ಒಳಮೈಯ ಚಿತ್ರವನ್ನು ಹಾಕಿರುವ ಮಾರಾಟಗಾರನಿಗೆ ನಾನು ಮೊದಲ ಮಣೆ ಹಾಕುತ್ತೇನೆ. ಚಿತ್ರವಿಲ್ಲದಿದ್ದರೆ ಕೇಳಿ ತರಿಸಿಕೊಳ್ಳುತ್ತೇನೆ.

ಒಳಗಿನ ಜೋಡಣೆ ಸಾಮಾನ್ಯವಾಗಿ ಎರಡು ಬಗೆಯದು. ಓವರ್‌ಲಾಕ್ ಹೊಲಿಗೆಯಲ್ಲಿ ಎರಡು ಬಟ್ಟೆಗಳ ಅಂಚನ್ನು ಸೇರಿಸಿ ದಾರ ಸುತ್ತಿರುತ್ತಾರೆ. ಅದು ಗಟ್ಟಿಯೇ, ಆದರೆ ಒಳಗೆ ಒಂದು ಏಣು ಉಳಿದು, ಗಂಟೆಗಟ್ಟಲೆ ಆಡುವವರ ಕಂಕುಳಿಗೆ ಉಜ್ಜುತ್ತದೆ. ಫ್ಲಾಟ್‌ಲಾಕ್ ಹೊಲಿಗೆಯಲ್ಲಿ ಅಂಚುಗಳು ಚಪ್ಪಟೆಯಾಗಿ ಕೂಡಿಕೊಂಡು ಏಣು ಉಳಿಯುವುದಿಲ್ಲ. ಮೈಗಂಟುವ ಜೆರ್ಸಿಗೆ ಇದು ಬಹಳ ಹಿತ, ಬೆಲೆಯೂ ಸ್ವಲ್ಪ ಹೆಚ್ಚು. ಕೆಳಗಿನ ಅಂಚಿನಲ್ಲಿ ಮತ್ತು ತೋಳಿನ ತುದಿಯಲ್ಲಿ ಹೊರಗಿನಿಂದ ಎರಡು ಸಾಲು ಸಮಾನಾಂತರ ಹೊಲಿಗೆ ಕಾಣಬೇಕು. ಒಂದೇ ಸಾಲಿನ ಸಾದಾ ಹೊಲಿಗೆ ಹಾಕಿದ್ದರೆ, ಬಟ್ಟೆ ಹಿಗ್ಗಿದಾಗ ದಾರ ಹಿಗ್ಗದೆ ಪಟಪಟನೆ ಕಡಿಯುತ್ತದೆ.

ಕೊರಳಿನ ಹಿಂಭಾಗವನ್ನೂ ಗಮನಿಸಿ. ಅಲ್ಲಿ ಒಳಗೆ ಭುಜದಿಂದ ಭುಜಕ್ಕೆ ಒಂದು ತೆಳು ಪಟ್ಟಿ ಹೊಲಿದಿದ್ದರೆ, ವರ್ಷವಾದರೂ ಕೊರಳು ಜೋತು ಬೀಳುವುದಿಲ್ಲ. ಅಡ್ಡಗೆರೆಯ ಜೆರ್ಸಿಯಾದರೆ ಮುಂಭಾಗದ ಗೆರೆ ಮತ್ತು ಹಿಂಭಾಗದ ಗೆರೆ ಪಕ್ಕದ ಹೊಲಿಗೆಯಲ್ಲಿ ಸಂಧಿಸುತ್ತವೆಯೇ ನೋಡಿ. ಅಲ್ಲಿ ಸಾಲು ತಪ್ಪಿದ್ದರೆ ಕತ್ತರಿಸುವಾಗಲೇ ಅವಸರ ನಡೆದಿದೆ ಎಂದು ಅರ್ಥ, ಮತ್ತು ಅಂಥ ಅವಸರ ಉಳಿದ ಕಡೆಯೂ ಇರುತ್ತದೆ.

ಕಬಡ್ಡಿ, ಖೋ ಖೋ, ಕ್ರಿಕೆಟ್ ಮೂರಕ್ಕೂ ಒಂದೇ ಜೆರ್ಸಿ ಸಾಲದೇ?

ಸಂಜೆ ಗೆಳೆಯರೊಡನೆ ಆಡುವವರಿಗೆ ಸಾಕು. ತಂಡಕ್ಕಾಗಿ ಆಡುವವರಿಗೆ ಸಾಲದು.

ಕಬಡ್ಡಿಯಲ್ಲಿ ಒಬ್ಬ ದಾಳಿಗಾರನ ಮೇಲೆ ಮೂರು ನಾಲ್ಕು ಜನ ಒಮ್ಮೆಗೇ ಬೀಳುವುದರಿಂದ, ಹರಿಯುವುದು ಬಟ್ಟೆಯ ನಡುಭಾಗವಲ್ಲ, ಭುಜ ಮತ್ತು ಕಂಕುಳಿನ ಜೋಡಣೆ. ಅದಕ್ಕಾಗಿ ಕೊರಳಿನಿಂದಲೇ ಓರೆಯಾಗಿ ಕಂಕುಳಿಗೆ ಇಳಿಯುವ ರ‍್ಯಾಗ್ಲಾನ್ ತೋಳನ್ನು ಆರಿಸುವುದು ಒಳ್ಳೆಯದು. ಭುಜದ ತುದಿಯಲ್ಲಿ ಹೊಲಿಗೆಯೇ ಇಲ್ಲದ ಕಾರಣ ಎಳೆತದ ಭಾರ ಒಂದೇ ಬಿಂದುವಿನ ಮೇಲೆ ಬೀಳುವುದಿಲ್ಲ ಮತ್ತು ಕೈ ಮೇಲೆತ್ತಲು ಅಡ್ಡಿಯಾಗುವುದಿಲ್ಲ. ಕಾಲರ್ ಇರುವ ಜೆರ್ಸಿ ಕಬಡ್ಡಿಗೆ ಬೇಡವೇ ಬೇಡ, ಏಕೆಂದರೆ ಹಿಡಿತದ ಗಡಿಬಿಡಿಯಲ್ಲಿ ಕಾಲರ್ ಕೈಗೆ ಸಿಕ್ಕಿದರೆ ಕೊರಳು ಬಿಗಿಯುತ್ತದೆ.

ಖೋ ಖೋ ಆಟದಲ್ಲಿ ಕಷ್ಟ ಬೇರೆಯದು. ಕಂಬದ ಬಳಿ ಮೈಚಾಚಿ ಹಾರಿ ನೆಲಕ್ಕೆ ಜಾರುವ ಆಟಗಾರ್ತಿಯ ಜೆರ್ಸಿಯ ಎದೆ ಮತ್ತು ಹೊಟ್ಟೆಯ ಭಾಗ ಮಣ್ಣಿಗೆ ಉಜ್ಜಿ ಸವೆಯುತ್ತದೆ. ಸಣ್ಣ ರಂಧ್ರಗಳ ಜಾಲರಿ ಬಟ್ಟೆ ಮುಂಭಾಗದಲ್ಲಿದ್ದರೆ ಹರಳು ಕಲ್ಲಿಗೆ ಸಿಕ್ಕಿ ಎಳೆ ಕಿತ್ತು ಬರುತ್ತದೆ. ಆದ್ದರಿಂದ ಮುಂಭಾಗ ಒತ್ತಾದ, ನುಣುಪಾದ ಹೆಣಿಗೆಯದಾಗಿರಲಿ. ಗಾಳಿಯಾಡುವ ಜಾಲರಿ ಬೆನ್ನಿಗಿರಲಿ. ಉದ್ದವೂ ಮುಖ್ಯ, ಹಾರಿದಾಗ ಮೇಲಕ್ಕೆ ಸರಿಯದಷ್ಟು ಉದ್ದವಿರಬೇಕು.

ಕ್ರಿಕೆಟ್ಟಿನ ಬಣ್ಣದ ಜೆರ್ಸಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ, ಬಿಳಿಯ ಬಗ್ಗೆ ಹೆಚ್ಚು. ದಾವಣಗೆರೆ ಎಕ್ಸ್‌ಪ್ರೆಸ್ ಎಂದೇ ಹೆಸರಾದ ವಿನಯ್ ಕುಮಾರ್ ಅವರ ನಾಯಕತ್ವದಲ್ಲಿ ಕರ್ನಾಟಕ ತಂಡ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದದ್ದನ್ನು ಕಂಡು ಬೆಳೆದ ಮಕ್ಕಳು ಇಲ್ಲಿ ಬಹಳ. ಅವರಲ್ಲಿ ಚರ್ಮದ ಚೆಂಡಿನ ಆಟ ಕಲಿಯುವವರಿಗೆ ಬಿಳಿ ಉಡುಪು ಬೇಕೇ ಬೇಕು. ತೆಳ್ಳಗಿನ ಬಿಳಿ ಪಾಲಿಯೆಸ್ಟರ್ ಬೆವರಿದಾಗ ಒಳಗಿನದೆಲ್ಲ ಕಾಣುವಷ್ಟು ಪಾರದರ್ಶಕವಾಗುತ್ತದೆ. ಬಿಳಿಯದನ್ನು ಕೊಳ್ಳುವಾಗ 160 ಜಿಎಸ್‌ಎಂಗಿಂತ ಕಡಿಮೆಯದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಹೆಣ್ಣುಮಕ್ಕಳು ಗಂಡಸರ ಜೆರ್ಸಿಯಲ್ಲೇ ಚಿಕ್ಕ ಅಳತೆ ಕೊಂಡರೆ ಆಗದೇ?

ಅನೇಕ ತಂಡಗಳಲ್ಲಿ ಹಾಗೆಯೇ ನಡೆದುಕೊಂಡು ಬಂದಿದೆ ಮತ್ತು ಅದು ಸರಿಯಲ್ಲ. ಗಂಡಸರ ಜೆರ್ಸಿಯ ಭುಜ ಅಗಲ, ಕಂಕುಳಿನ ತೆರಪು ದೊಡ್ಡದು, ಸೊಂಟದ ಭಾಗ ನೇರ. ಚಿಕ್ಕ ಅಳತೆ ತೆಗೆದುಕೊಂಡರೆ ಭುಜ ಸರಿಹೋಗಿ ಸೊಂಟದ ಕೆಳಗೆ ಬಿಗಿಯುತ್ತದೆ, ದೊಡ್ಡದು ತೆಗೆದುಕೊಂಡರೆ ತೋಳಿನ ತೆರಪಿನಿಂದ ಒಳಗಿನದು ಕಾಣಿಸಿ, ಆಡುವ ಹುಡುಗಿಯ ಗಮನವೆಲ್ಲ ಬಟ್ಟೆಯನ್ನು ಸರಿಪಡಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಹೆಣ್ಣುಮಕ್ಕಳ ಕತ್ತರಿಕೆಯಲ್ಲೇ ಮಾಡಿದ ಜೆರ್ಸಿಗಳು ಈಗ ಸುಲಭವಾಗಿ ಸಿಗುತ್ತವೆ. ಅಳೆಯುವಾಗ ಎದೆ, ಭುಜ, ಉದ್ದಗಳ ಜೊತೆ ಸೊಂಟದ ಕೆಳಗಿನ ಸುತ್ತನ್ನೂ ಬರೆದುಕೊಳ್ಳಬೇಕು. ತಂಡಕ್ಕೆ ಒಟ್ಟಾಗಿ ತರಿಸುವ ಶಿಕ್ಷಕರು ಈ ಒಂದು ಮಾತನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಬೇಕು.

ಬೆಳೆಯುವ ಮಕ್ಕಳಿಗೆ ಎರಡು ಅಳತೆ ದೊಡ್ಡದು ಕೊಳ್ಳುವುದು ಜಾಣತನವೇ?

ಒಂದು ಅಳತೆ ದೊಡ್ಡದು ಸಾಕು. ವಯಸ್ಸಿನ ಲೆಕ್ಕದಲ್ಲಿ ಕೊಟ್ಟಿರುವ ಅಳತೆ ಇನ್ನೂ ಮೋಸಗೊಳಿಸುತ್ತದೆ, ಏಕೆಂದರೆ ಹತ್ತು ವರ್ಷದ ಎಲ್ಲ ಮಕ್ಕಳೂ ಒಂದೇ ಎತ್ತರವಿರುವುದಿಲ್ಲ. ಎತ್ತರವನ್ನು ಸೆಂಟಿಮೀಟರಿನಲ್ಲಿ ನಮೂದಿಸಿರುವ ಪಟ್ಟಿಯನ್ನೇ ನಂಬಿ.

ಹೆಸರು ಮತ್ತು ಸಂಖ್ಯೆಯ ಮುದ್ರಣದಲ್ಲಿ ಯಾವುದು ಬಾಳಿಕೆ ಬರುತ್ತದೆ?

ಸಬ್ಲಿಮೇಶನ್ ಮುದ್ರಣ. ಇದರಲ್ಲಿ ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಬಟ್ಟೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ. ಆ ಶಾಖಕ್ಕೆ ಬಣ್ಣವು ದ್ರವವಾಗದೆ ನೇರವಾಗಿ ಆವಿಯಾಗಿ ಪಾಲಿಯೆಸ್ಟರ್ ನಾರಿನೊಳಗೆ ಸೇರಿಕೊಳ್ಳುತ್ತದೆ. ಬಣ್ಣ ನಾರಿನ ಒಳಗೇ ಇರುವುದರಿಂದ ಅದು ಸುಲಿಯುವುದಿಲ್ಲ, ಬಿರುಕು ಬಿಡುವುದಿಲ್ಲ, ಕೈಯಾಡಿಸಿದರೆ ಮುದ್ರಣವಿರುವ ಜಾಗವೇ ಗೊತ್ತಾಗುವುದಿಲ್ಲ. ಹತ್ತಿಗೆ ಈ ವಿಧಾನ ಹಿಡಿಯುವುದಿಲ್ಲ, ಆದ್ದರಿಂದ ನೂರಕ್ಕೆ ನೂರು ಹತ್ತಿಯ ಜೆರ್ಸಿಗೆ ಸಬ್ಲಿಮೇಶನ್ ಮಾಡಿದ್ದೇವೆ ಎನ್ನುವವರ ಮಾತಿನಲ್ಲಿ ಬಟ್ಟೆಯ ವಿಚಾರವಾದರೂ ಸುಳ್ಳು, ಮುದ್ರಣದ ವಿಚಾರವಾದರೂ ಸುಳ್ಳು. ಗಾಢ ಬಣ್ಣದ ಸಿದ್ಧ ಬಟ್ಟೆಯ ಮೇಲೂ ಇದು ಕಾಣುವುದಿಲ್ಲ. ಬಿಳಿಯ ಬಟ್ಟೆಯ ಮೇಲೆ ಇಡೀ ವಿನ್ಯಾಸವನ್ನು ಒತ್ತಿ, ಆಮೇಲೆ ಕತ್ತರಿಸಿ ಹೊಲಿಯುತ್ತಾರೆ. ಹೊಲಿಗೆಯ ಸಂದನ್ನು ಸ್ವಲ್ಪ ಎಳೆದಾಗ ಬಿಳಿಯ ಗೆರೆ ಇಣುಕುವುದು ಇದೇ ಕಾರಣಕ್ಕೆ, ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ.

ಇನ್ನೊಂದು ವಿಧಾನದಲ್ಲಿ ವಿನೈಲ್ ಹಾಳೆಯನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಶಾಖದಿಂದ ಅಂಟಿಸುತ್ತಾರೆ. ಹೊಸದಿದ್ದಾಗ ಇದು ಬಹಳ ಚೂಪಾಗಿ, ಅಂದವಾಗಿ ಕಾಣುತ್ತದೆ. ಬಿಸಿ ನೀರು, ಇಸ್ತ್ರಿ ಮತ್ತು ಉಜ್ಜಾಟಕ್ಕೆ ಮೂಲೆಗಳು ಏಳುತ್ತವೆ. ಕಸೂತಿಯ ಲಾಂಛನ ಗಟ್ಟಿ, ಆದರೆ ಒಳಗಿನ ಒರಟು ಆಧಾರದ ಬಟ್ಟೆ ಎದೆಗೆ ಉಜ್ಜದಂತೆ ಮುಚ್ಚಿದ್ದಾರೆಯೇ ನೋಡಬೇಕು.

ಕನ್ನಡದಲ್ಲಿ ಹೆಸರು ಮುದ್ರಿಸಲು ಹೇಳಿದೆವು, ಒತ್ತಕ್ಷರಗಳೆಲ್ಲ ಕಳಚಿ ಬಂದವು. ಏನು ಮಾಡಬೇಕಿತ್ತು?

ಇದು ಇಂಗ್ಲಿಷಿನಲ್ಲಿ ಹೆಸರು ಹಾಕಿಸುವವರಿಗೆ ಎದುರಾಗದ ಕಷ್ಟ, ಮತ್ತು ಇದರ ಬಗ್ಗೆ ನನಗೆ ವಿಶೇಷ ಕಾಳಜಿಯಿದೆ, ಏಕೆಂದರೆ ಒಮ್ಮೆ ಇಂಗ್ಲಿಷ್‌ಗೆ ಹೋದ ತಂಡ ಮತ್ತೆ ಕನ್ನಡಕ್ಕೆ ಬರುವುದಿಲ್ಲ. ತಿರುಪ್ಪೂರು, ಲೂಧಿಯಾನ, ಜಲಂಧರ್, ಮೀರತ್ ಮುಂತಾದ ಊರುಗಳಲ್ಲಿ ಕುಳಿತು ವಿನ್ಯಾಸ ಜೋಡಿಸುವವರಿಗೆ ಕನ್ನಡ ಓದಲು ಬರುವುದಿಲ್ಲ. ನೀವು ವಾಟ್ಸ್‌ಆ್ಯಪ್‌ನಲ್ಲಿ ಯೂನಿಕೋಡಿನಲ್ಲಿ ಕಳಿಸಿದ ಹೆಸರನ್ನು ಅವರ ವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದಾಗ, ಅಲ್ಲಿ ಭಾರತೀಯ ಲಿಪಿಗಳ ಜೋಡಣೆಯ ವ್ಯವಸ್ಥೆ ಸಕ್ರಿಯವಾಗಿರದಿದ್ದರೆ, ಅರ್ಧಾಕ್ಷರ ಮತ್ತು ಒತ್ತುಗಳು ಬಿಡಿಬಿಡಿಯಾಗುತ್ತವೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ್ದನ್ನು ಕಳಿಸಿದರೆ, ಆ ಶೈಲಿ ಅವರ ಗಣಕದಲ್ಲಿ ಇಲ್ಲದ ಕಾರಣ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ‘ವಿಶ್ವನಾಥ’ ಎಂಬ ಹೆಸರು ‘ವಿಶ್‌ವನಾಥ’ ಎಂದು ಬೆನ್ನಿನ ಮೇಲೆ ಅಚ್ಚಾಗುವುದು ಹೀಗೆ.

ಪರಿಹಾರ ನಮ್ಮ ಊರಿನಲ್ಲೇ ಇದೆ. ಮದುವೆಯ ಕರೆಯೋಲೆ ಮತ್ತು ಫ್ಲೆಕ್ಸ್ ವಿನ್ಯಾಸ ಮಾಡುವ ಅಂಗಡಿಯಲ್ಲಿ ಹೆಸರುಗಳನ್ನು ಜೋಡಿಸಿಸಿ, ಅಕ್ಷರಗಳನ್ನು ಪಠ್ಯವಾಗಿ ಬಿಡದೆ ರೇಖಾಚಿತ್ರವಾಗಿ ಬದಲಾಯಿಸಿದ ಪಿಡಿಎಫ್ ಕಡತವನ್ನು ಕಳಿಸಬೇಕು. ಆಗ ಎಲ್ಲಿ ತೆರೆದರೂ ಆಕಾರ ಕೆಡುವುದಿಲ್ಲ. ಮುದ್ರಣಕ್ಕೆ ಮುನ್ನ ಪ್ರತಿಯೊಂದು ಹೆಸರಿನ ಅಂತಿಮ ಚಿತ್ರವನ್ನು ತರಿಸಿಕೊಂಡು ಆಯಾ ಆಟಗಾರನಿಂದಲೇ ಓದಿಸಬೇಕು.

ತಂಡಕ್ಕೆ ಒಟ್ಟಿಗೆ ತರಿಸುವಾಗ ಏನು ಎಚ್ಚರಿಕೆ ಬೇಕು?

ನಾನು ಮಾಡಿದ ತಪ್ಪನ್ನು ಹೇಳಿದರೆ ಹೆಚ್ಚು ಉಪಯೋಗವಾದೀತು. ಒಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ನಮ್ಮ 12 ಜನರ ತಂಡಕ್ಕೆ ಜೆರ್ಸಿ ಬೇಕಾಗಿತ್ತು. ಹುಡುಗರು ತಮ್ಮ ತಮ್ಮ ಅಳತೆಯನ್ನು ಎಂ, ಎಲ್ ಎಂದು ಬರೆದುಕೊಟ್ಟರು, ನಾನು ಅದನ್ನೇ ಮಾರಾಟಗಾರನಿಗೆ ಕಳಿಸಿ ಪೂರ್ತಿ ಹಣ ಕೊಟ್ಟೆ. ಪಂದ್ಯದ ಹಿಂದಿನ ದಿನ ಬಂದ ಪೆಟ್ಟಿಗೆಯನ್ನು ಬಿಚ್ಚಿ ಅಳೆದಾಗ ಪ್ರತಿಯೊಂದು ಜೆರ್ಸಿಯೂ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಎದೆಯಲ್ಲಿ ಎರಡು ಇಂಚು ಕಡಿಮೆಯಿತ್ತು. ನಮ್ಮ ಬಲಗಡೆಯ ಮೂಲೆಯ ರಕ್ಷಕ, ತಂಡದಲ್ಲೇ ದೊಡ್ಡ ಮೈಕಟ್ಟಿನವನು, ತೋಳನ್ನು ತೂರಿಸಲಾಗದೆ ನಿಂತ. ಹೆಸರು ಹಾಕಿ ಮಾಡಿಸಿದ್ದು ಎಂಬ ಕಾರಣ ಕೊಟ್ಟು ಮಾರಾಟಗಾರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಹುಡುಗ ರಾತ್ರಿ ಹಳೆಯ ಜೆರ್ಸಿಯ ಮೇಲೆ ಸಂಖ್ಯೆ ಅಂಟಿಸಿಕೊಂಡು ಆಡಿದ. ಆ ದೃಶ್ಯ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ನಾನು ಮೊದಲು ಹೆಸರಿಲ್ಲದ ಒಂದೇ ಒಂದು ಮಾದರಿ ಜೆರ್ಸಿಯನ್ನು, ತಂಡದ ಅತಿ ದೊಡ್ಡ ಮೈಕಟ್ಟಿನವನ ಅಳತೆಯಲ್ಲಿ ತರಿಸುತ್ತೇನೆ. ಅದನ್ನು ಅಳೆದು, ಅವನಿಗೆ ತೊಡಿಸಿ ಒಂದು ಸಂಜೆ ಆಡಿಸಿ, ಎರಡು ಸಲ ಒಗೆಸಿದ ಮೇಲೆ ಉಳಿದ ಜೆರ್ಸಿಗಳನ್ನು ಮಾಡಿಕೊಡಲು ಹೇಳುತ್ತೇನೆ. ಪ್ರತಿ ಆಟಗಾರನಿಂದ ಅಕ್ಷರವನ್ನಲ್ಲ, ಇಂಚಿನ ಲೆಕ್ಕವನ್ನು ಬರೆಸಿಕೊಳ್ಳುತ್ತೇನೆ. ಪಂದ್ಯಕ್ಕೂ ಜೆರ್ಸಿ ಬರುವ ದಿನಕ್ಕೂ ನಡುವೆ ಹದಿನೈದು ದಿನವಾದರೂ ಇರುವಂತೆ ನೋಡಿಕೊಳ್ಳುತ್ತೇನೆ. ಪೂರ್ತಿ ಹಣವನ್ನು ಮುಂಗಡ ಕೇಳುವವರಿಗೆ ಅರ್ಧ ಕೊಡುತ್ತೇನೆ, ಒಪ್ಪದಿದ್ದರೆ ಬೇರೆಯವರನ್ನು ಹುಡುಕುತ್ತೇನೆ. ಒಂದೆರಡು ಹೆಸರಿಲ್ಲದ ಹೆಚ್ಚುವರಿ ಜೆರ್ಸಿಗಳನ್ನು ತರಿಸಿಟ್ಟುಕೊಂಡರೆ ಕೊನೆಯ ಗಳಿಗೆಯಲ್ಲಿ ಸೇರುವ ಆಟಗಾರನಿಗೂ ಒದಗುತ್ತವೆ.

ಅಸಲಿ, ಫ್ಯಾನ್ ಆವೃತ್ತಿ, ಫಸ್ಟ್ ಕಾಪಿ: ಇವುಗಳ ವ್ಯತ್ಯಾಸವೇನು?

ದೊಡ್ಡ ಕಂಪನಿಗಳು ತಮ್ಮ ಅಧಿಕೃತ ಜೆರ್ಸಿಯನ್ನು ಎರಡು ಬಗೆಯಲ್ಲಿ ಮಾರುವುದುಂಟು. ಆಟಗಾರರು ತೊಡುವ ಆವೃತ್ತಿ ಹಗುರ, ಮೈಗೆ ಬಿಗಿ, ಲಾಂಛನಗಳನ್ನು ಶಾಖದಿಂದ ಅಂಟಿಸಿರುತ್ತಾರೆ. ಅಭಿಮಾನಿಗಳ ಆವೃತ್ತಿ ಸಡಿಲ, ತುಸು ದಪ್ಪ, ಲಾಂಛನ ಹೆಚ್ಚಾಗಿ ಕಸೂತಿಯದು, ಬೆಲೆಯೂ ಕಡಿಮೆ. ಎರಡೂ ಅಸಲಿಯೇ. ಹೊಟ್ಟೆ ಸ್ವಲ್ಪ ಬಂದಿರುವ ನಮ್ಮ ವಯಸ್ಸಿನವರು ಹೆಚ್ಚು ಹಣ ಕೊಟ್ಟು ಆಟಗಾರರ ಆವೃತ್ತಿ ತರಿಸಿ ತೊಡಲಾಗದೆ ಪರದಾಡುವುದಕ್ಕಿಂತ ಅಭಿಮಾನಿಗಳ ಆವೃತ್ತಿಯನ್ನೇ ಆರಿಸುವುದು ಲೇಸು.

ಫಸ್ಟ್ ಕಾಪಿ, ಮಾಸ್ಟರ್ ಕಾಪಿ ಎಂಬ ಹೆಸರಿನವೆಲ್ಲ ನಕಲು. ಭಾರತ ಕ್ರಿಕೆಟ್ ತಂಡದ ಉಡುಪನ್ನು 2023ರಿಂದ ಅಡಿಡಾಸ್ ತಯಾರಿಸುತ್ತಿದೆ. ಅದರ ಮಳಿಗೆಯ ಬೆಲೆಯ ಹತ್ತನೇ ಒಂದು ಭಾಗಕ್ಕೆ ಅದೇ ಜೆರ್ಸಿ ಸಿಗುತ್ತದೆ ಎಂದರೆ ಅದು ಆ ಕಂಪನಿಯದಲ್ಲ. ಒಳಗಿನ ಚೀಟಿಯಲ್ಲಿರುವ ಉತ್ಪನ್ನದ ಸಂಕೇತವನ್ನು ಕಂಪನಿಯ ಹೆಸರಿನೊಡನೆ ಹುಡುಕಿದಾಗ ಅದೇ ಬಣ್ಣದ ಅದೇ ಜೆರ್ಸಿಯ ಚಿತ್ರ ಬರಬೇಕು, ಬಾರದಿದ್ದರೆ ಅನುಮಾನಿಸಿ. ಹೆಚ್ಚು ಹಣ ಹೊಂದಿಸಲಾಗದವರಿಗೆ ನನ್ನ ಸಲಹೆ ಏನೆಂದರೆ, ನಕಲಿ ಲಾಂಛನಕ್ಕೆ ಕೊಡುವ ಹಣದಲ್ಲೇ ಲಾಂಛನವಿಲ್ಲದ, ಪ್ರಾಮಾಣಿಕ ಹೊಲಿಗೆಯ ಒಳ್ಳೆಯ ಜೆರ್ಸಿ ಸಿಗುತ್ತದೆ.

ಕೊಂಡವರ ಅಭಿಪ್ರಾಯಗಳನ್ನು ಎಷ್ಟು ನಂಬಬೇಕು?

ನಕ್ಷತ್ರಗಳ ಸಂಖ್ಯೆಗಿಂತ ಕೊಂಡವರೇ ತೆಗೆದು ಹಾಕಿದ ಚಿತ್ರಗಳನ್ನು ನಂಬಿ. ತಮ್ಮ ಎತ್ತರ, ತೂಕ ಮತ್ತು ಆರಿಸಿದ ಅಳತೆಯನ್ನು ಬರೆದವರ ಒಂದು ಸಾಲು, ಸೂಪರ್ ಎಂದು ಬರೆದ ನೂರು ಸಾಲುಗಳಿಗೆ ಸಮ. ಎರಡು ಮತ್ತು ಮೂರು ನಕ್ಷತ್ರ ಕೊಟ್ಟವರನ್ನು ಮೊದಲು ಓದುವುದು ನನ್ನ ರೂಢಿ.

ಜೆರ್ಸಿ ಕೈಗೆ ಬಂದ ಮೇಲೆ ಮೊದಲು ಏನು ಮಾಡಬೇಕು? ಸರಿಯಿಲ್ಲದಿದ್ದರೆ ಎಲ್ಲಿ ದೂರಬೇಕು?

ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ, ಚೀಟಿಗಳನ್ನು ಕೀಳಬೇಡಿ, ತೊಡುವ ಮುನ್ನ ಟೇಪು ಹಿಡಿದು ಅಳೆಯಿರಿ. ನಂತರ ಒಳಮೈ ಹೊರಳಿಸಿ ಹೊಲಿಗೆ ನೋಡಿ, ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡಿನಿಂದ ಒಳಗಿನ ಒಂದು ಮೂಲೆಯನ್ನು ಮೃದುವಾಗಿ ಒರೆಸಿ ಬಣ್ಣ ಬಿಡುತ್ತದೆಯೇ ಪರೀಕ್ಷಿಸಿ. ತೊಟ್ಟ ಮೇಲೆ ಕನ್ನಡಿಯ ಮುಂದೆ ನಿಲ್ಲುವುದರ ಬದಲು ಎರಡೂ ಕೈ ಮೇಲೆತ್ತಿ, ಬಗ್ಗಿ, ಕೂತು ಎದ್ದು ನೋಡಿ.

ಹೇಳಿದ ಗುಣವಿಲ್ಲದ ಅಥವಾ ದೋಷವಿರುವ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಅವೇ ನಿಯಮಗಳ ಪ್ರಕಾರ ದೂರನ್ನು ಪಡೆದ ಬಗ್ಗೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಾರಾಟಗಾರ ಯಾವ ರಾಜ್ಯದಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ದಾವಣಗೆರೆಯವರು ದೆಹಲಿಗೋ ಮುಂಬೈಗೋ ಅಲೆಯಬೇಕಾಗಿಲ್ಲ. ನಾನು ಆ 12 ಜೆರ್ಸಿಗಳನ್ನು ಕಳೆದುಕೊಂಡಾಗ ಇಷ್ಟು ತಿಳಿದಿದ್ದರೆ ಸುಮ್ಮನಿರುತ್ತಿರಲಿಲ್ಲ.

ಒಗೆಯುವುದು ಹೇಗೆ?

ಒಳಮೈ ಹೊರಳಿಸಿ, ತಣ್ಣೀರಿನಲ್ಲಿ, ಕಡಿಮೆ ಪುಡಿ ಹಾಕಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಬಾರದೆ ಎಳೆಗಳ ಸಂದಿನಲ್ಲಿ ಕಸರಾಗಿ ಉಳಿದು ಬೆವರು ಹರಿಯುವ ದಾರಿಯನ್ನೇ ಮುಚ್ಚುವುದರಿಂದ, ಹೆಚ್ಚು ಪುಡಿ ಹಾಕಿದರೆ ಹೆಚ್ಚು ಶುಭ್ರವಾಗುತ್ತದೆ ಎಂಬ ಎಣಿಕೆ ತಪ್ಪು. ಎರಡು ಸಲ ಜಾಲಿಸಬೇಕು. ಮೃದುಕಾರಕ ದ್ರವವೂ ಇದೇ ತೊಂದರೆ ಮಾಡುತ್ತದೆ, ಅದನ್ನು ಜೆರ್ಸಿಗೆ ಬಳಸಬೇಡಿ. ಎರೆಮಣ್ಣು ಹತ್ತಿದ್ದರೆ ಒದ್ದೆಯಿದ್ದಾಗ ಉಜ್ಜಬಾರದು, ಪೂರ್ತಿ ಒಣಗಲು ಬಿಟ್ಟು ಕೊಡವಿ ಆಮೇಲೆ ನೆನೆಸಬೇಕು. ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಬೇಕೇ ಬೇಕೆನಿಸಿದರೆ ಅತಿ ಕಡಿಮೆ ಶಾಖದಲ್ಲಿ, ಮುದ್ರಣವಿರುವ ಜಾಗವನ್ನು ಬಿಟ್ಟು, ಒಳಮೈಯಿಂದ ಮಾತ್ರ ಮಾಡಿ.

ಉದ್ದ ಅಥವಾ ಅಗಲ ಸ್ವಲ್ಪ ಹೆಚ್ಚಾಗಿದ್ದರೆ ಇಲ್ಲಿನ ದರ್ಜಿಗಳಿಂದ ಸರಿಪಡಿಸಿಕೊಳ್ಳಬಹುದೇ?

ಪಕ್ಕದ ಹೊಲಿಗೆಯಲ್ಲಿ ಒಂದೆರಡು ಇಂಚು ಹಿಡಿಸಬಹುದು, ಕೆಳಗಿನ ಅಂಚನ್ನು ಮಡಚಿ ಗಿಡ್ಡ ಮಾಡಿಸಬಹುದು. ಭುಜವನ್ನು ಮುಟ್ಟಿಸಬೇಡಿ, ಅದು ಕೆಟ್ಟರೆ ಇಡೀ ಜೆರ್ಸಿ ಕೆಡುತ್ತದೆ. ಓವರ್‌ಲಾಕ್ ಯಂತ್ರವಿರುವ ದರ್ಜಿಯ ಬಳಿಗೇ ಹೋಗಿ, ಹೆಣಿಗೆ ಬಟ್ಟೆಗೆ ಬಳಸುವ ಮೊಂಡು ತುದಿಯ ಸೂಜಿ ಹಾಕಲು ಹೇಳಿ. ಶರ್ಟಿಗೆ ಬಳಸುವ ಚೂಪು ಸೂಜಿ ಎಳೆಯನ್ನು ಕತ್ತರಿಸಿ ಸಣ್ಣ ತೂತುಗಳನ್ನು ಮಾಡುತ್ತದೆ, ಆ ತೂತುಗಳು ಒಗೆದಂತೆಲ್ಲ ಓಡುತ್ತವೆ.